ಎರಡನೆಯವಳು ಯಾವಾಗ ಬಂದಳು?



ಯೋಗ್ಯತೆ ಅನ್ನೋ ಮಾತನ್ನು ನಾವು ಕಾಲೇಜಿನ ಮೆಟ್ಟಿಲು ಹತ್ತಿದ ದಿನದಿಂದ ಕೇಳುತ್ತಲೇ ಇದ್ದೇವೆ. ಯೋಗ್ಯತೆ ಇದ್ದವರು ಎಲ್ಲಿ ಹುಟ್ಟಿದರೂ ಮೇಲೆ ಬರ್ತಾರೆ, ಬಾರದವರಿಗೆ ಯೋಗ್ಯತೆ ಇರಲಿಲ್ಲ, ಇಷ್ಟೇ ಅವರ ಲೆಕ್ಕ. ಗೆದ್ದ ಒಬ್ಬರನ್ನು ಎತ್ತಿ ತೋರಿಸಿ ಸೋತ ಸಾವಿರ ಜನರ ಬಾಯಿ ಮುಚ್ಚಿಸುವ ಲೆಕ್ಕ ಇದು. ಅಳತೆಗೋಲು ಯಾರ ಕೈಯಲ್ಲಿದೆ ಅಂತ ಕೇಳಿದರೆ ಮಾತ್ರ ಯಾರೂ ಉತ್ತರ ಕೊಡುವುದಿಲ್ಲ.

ಈ ಲೆಕ್ಕವನ್ನು ಒಬ್ಬ ಹೆಣ್ಣುಮಗಳ ಬದುಕಿಗೆ ಹಚ್ಚಿ ನೋಡೋಣ. ಹೆಸರು ಬಾರ್ಬರಾ ಜೋರ್ಡನ್. ಅಮೆರಿಕದ ಟೆಕ್ಸಾಸ್ ರಾಜ್ಯದ ಕಪ್ಪು ಹೆಣ್ಣುಮಗಳು. 1962ರಲ್ಲಿ ರಾಜ್ಯದ ಕೆಳಮನೆಗೆ ನಿಂತಳು, ಸೋತಳು. 1964ರಲ್ಲಿ ಮತ್ತೆ ನಿಂತಳು, ಮತ್ತೆ ಸೋತಳು. 1966ರಲ್ಲಿ ಕೆಳಮನೆಗಿಂತ ದೊಡ್ಡ ಸ್ಥಾನಕ್ಕೆ, ರಾಜ್ಯದ ಸೆನೆಟ್ಟಿಗೆ, ಅಂದರೆ ಮೇಲ್ಮನೆಗೆ ನಿಂತಳು. ಗೆದ್ದಳು. ಅದೇ ಹೆಂಗಸು, ಅದೇ ಗುಡುಗಿನಂಥ ದನಿ, ಅದೇ ವಕೀಲಿ ಪದವಿ, ಅದೇ ಊರು. ನಾಲ್ಕು ವರ್ಷದಲ್ಲಿ ಆಕೆಯ ಯೋಗ್ಯತೆ ಆಕಾಶದಿಂದ ಉದುರಿತೇ? ಇಲ್ಲ ಗೆಳೆಯರೇ. ಬದಲಾದದ್ದು ಭೂಪಟದ ಮೇಲಿನ ಒಂದು ಗೆರೆ. ಆ ಗೆರೆಯ ಕತೆಯನ್ನೇ ನಾವಿಲ್ಲಿ ಹೇಳಬೇಕೆಂದಿದ್ದೇವೆ.

ಬಾರ್ಬರಾ ಹುಟ್ಟಿದ್ದು 1936ರ ಫೆಬ್ರವರಿ 21ರಂದು, ಹ್ಯೂಸ್ಟನ್ ಪಟ್ಟಣದ ಫಿಫ್ತ್ ವಾರ್ಡಿನಲ್ಲಿ. ಕಪ್ಪು ಜನರ ಕೇರಿ ಅದು. ಅಪ್ಪ ಬೆಂಜಮಿನ್ ಗೋದಾಮಿನಲ್ಲಿ ದುಡಿಯುತ್ತಿದ್ದವನು, ಬ್ಯಾಪ್ಟಿಸ್ಟ್ ಚರ್ಚಿನ ಬೋಧಕ. ತಾಯಿಯ ತಂದೆ ಜಾನ್ ಎಡ್ ಪ್ಯಾಟನ್ ಗಾಡಿ ಹೊಡೆದುಕೊಂಡು ಚಿಂದಿ, ಕಾಗದ, ಹಳೇ ಕಬ್ಬಿಣ ಆಯ್ದು ಮಾರುತ್ತಿದ್ದವನು. ಈ ಗುಜರಿ ತಾತನ ಜೊತೆ ಗಾಡಿಯ ಮೇಲೆ ಕೂತು ಬೆಳೆದ ಹುಡುಗಿ ಬಾರ್ಬರಾ. ಆ ತಾತನ ತಂದೆ ಎಡ್ವರ್ಡ್ ಪ್ಯಾಟನ್ ಹತ್ತೊಂಬತ್ತನೇ ಶತಮಾನದಲ್ಲಿ ಅದೇ ಟೆಕ್ಸಾಸ್ ಶಾಸನಸಭೆಯಲ್ಲಿ ಕೂತಿದ್ದ ಎಂದರೆ ನಂಬುತ್ತೀರಾ? ಗುಲಾಮಗಿರಿ ಹೋದ ಮೇಲೆ ಕೆಲವು ವರ್ಷ ಕಪ್ಪು ಜನರು ಓಟು ಹಾಕಿದರು, ಗೆದ್ದರು, ಶಾಸನಸಭೆಯಲ್ಲಿ ಕೂತರು. ಆಮೇಲೆ ಬಿಳಿಯರು ಒಂದೊಂದೇ ಬಾಗಿಲು ಹಾಕಿಕೊಂಡು ಬಂದರು. ಟೆಕ್ಸಾಸ್ ಮೇಲ್ಮನೆಯಿಂದ ಕೊನೆಯ ಕಪ್ಪು ಸದಸ್ಯ ಹೊರಬಿದ್ದದ್ದು 1883ರಲ್ಲಿ. ಮುತ್ತಜ್ಜ ಶಾಸಕ, ಅಜ್ಜ ಗುಜರಿ ಗಾಡಿಯವನು. ಇದು ಯೋಗ್ಯತೆ ಕುಸಿದ ಕತೆಯೋ, ಬಾಗಿಲು ಹಾಕಿದ ಕತೆಯೋ, ನೀವೇ ಹೇಳಿ.

ಓದಿನ ವಿಷಯಕ್ಕೆ ಬರೋಣ. 1952ರಲ್ಲಿ ಬಾರ್ಬರಾ ಹೈಸ್ಕೂಲು ಮುಗಿಸಿದಾಗ ರಾಜ್ಯದ ದೊಡ್ಡ ವಿದ್ಯಾಲಯವಾದ ಟೆಕ್ಸಾಸ್ ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ಕಪ್ಪು ಹುಡುಗ ಹುಡುಗಿಯರಿಗೆ ಜಾಗ ಇರಲಿಲ್ಲ. ಆಕೆ ಸೇರಿದ್ದು ಟೆಕ್ಸಾಸ್ ಸದರ್ನ್ ವಿಶ್ವವಿದ್ಯಾಲಯಕ್ಕೆ. ಆ ವಿದ್ಯಾಲಯ ಹುಟ್ಟಿದ ಬಗೆ ಕೇಳಿ. ಹೆಮನ್ ಸ್ವೆಟ್ ಎಂಬ ಹ್ಯೂಸ್ಟನ್ನಿನ ಪೋಸ್ಟ್‌ಮನ್ 1946ರಲ್ಲಿ, ನನಗೂ ಲಾ ಕಾಲೇಜಿನಲ್ಲಿ ಸೀಟು ಕೊಡಿ ಎಂದು ಕೋರ್ಟಿಗೆ ಹೋದ. ಆತನನ್ನು ಬಿಳಿ ಹುಡುಗರ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಗುತ್ತದಲ್ಲ ಎಂಬ ಭಯಕ್ಕೆ ಸರ್ಕಾರ 1947ರಲ್ಲಿ ಕಪ್ಪು ಜನರಿಗೇ ಅಂತ ಒಂದು ಬೇರೆ ವಿಶ್ವವಿದ್ಯಾಲಯ ಕಟ್ಟಿಕೊಟ್ಟಿತು. ದೂರ ಇಡುವುದಕ್ಕೆ ಕಟ್ಟಿದ ಕಟ್ಟಡ! ಅದರೊಳಗೇ ಬಾರ್ಬರಾ ಚರ್ಚಾಸ್ಪರ್ಧೆಗಳಲ್ಲಿ ಮಾತು ಕಲಿತಳು. ಹಾರ್ವರ್ಡಿನಿಂದ ಬಂದ ತಂಡದೆದುರು ಇವರ ತಂಡ ಸಮಸಮ ನಿಂತಿತು. 1956ರಲ್ಲಿ ಆಕೆ ಪದವಿ ಮುಗಿಸಿದಳು. ಅದೇ ವರ್ಷ ಟೆಕ್ಸಾಸ್ ವಿಶ್ವವಿದ್ಯಾಲಯ ಪದವಿ ತರಗತಿಗಳ ಬಾಗಿಲನ್ನು ಕಪ್ಪು ವಿದ್ಯಾರ್ಥಿಗಳಿಗೆ ತೆರೆಯಿತು. ಹಾಸ್ಟೆಲ್ಲುಗಳ ಬಾಗಿಲು ಮಾತ್ರ ಆಮೇಲೂ ಹಲವು ವರ್ಷ ಮುಚ್ಚಿಯೇ ಇತ್ತು. ತರಗತಿಯಲ್ಲಿ ಕೂರು, ಹಾಸ್ಟೆಲ್ಲಿನಲ್ಲಿ ಮಲಗಬೇಡ! ಹಾಸ್ಟೆಲ್ಲಿನಲ್ಲಿ ಇದನ್ನು ಓದುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ.

ಬಾಸ್ಟನ್ನಿಗೆ ಹೋಗಿ 1959ರಲ್ಲಿ ಕಾನೂನು ಪದವಿ ಪಡೆದು ಬಾರ್ಬರಾ ಊರಿಗೆ ವಾಪಸು ಬಂದಳು. ಕಚೇರಿಗೆ ದುಡ್ಡಿಲ್ಲ. ಅಪ್ಪ ಅಮ್ಮನ ಮನೆಯ ಊಟದ ಮೇಜೇ ವಕೀಲರ ಕಚೇರಿಯಾಯಿತು. 1960ರ ಅಧ್ಯಕ್ಷ ಚುನಾವಣೆಯಲ್ಲಿ ಕೆನಡಿ ಮತ್ತು ಜಾನ್ಸನ್ ಪರವಾಗಿ ಹ್ಯೂಸ್ಟನ್ನಿನ ಕಪ್ಪು ಕೇರಿಗಳಲ್ಲಿ ಬೀದಿ ಬೀದಿಗೆ ಒಬ್ಬೊಬ್ಬ ಕಾರ್ಯಕರ್ತನನ್ನು ನಿಲ್ಲಿಸಿ, ಮನೆ ಮನೆಯಿಂದ ಜನರನ್ನು ಮತಗಟ್ಟೆಗೆ ಹೊರಡಿಸುವ ಕೆಲಸ ಮಾಡಿದಳು. ಜನ ಬಂದರು, ಸಾಲುಗಟ್ಟಿ ಬಂದರು. ಇಷ್ಟೊಂದು ಜನರನ್ನು ಇತರರಿಗಾಗಿ ಎಬ್ಬಿಸಬಲ್ಲವಳು ತಾನೇ ಯಾಕೆ ನಿಲ್ಲಬಾರದು? 1962ರಲ್ಲಿ ಹಾಗೆ ನಿಂತಳು.

ಈಗ ಬೀಗದ ವಿಷಯ. ಇದನ್ನು ಸಮಾಧಾನದಿಂದ ಓದಿ, ಯಾಕಂದ್ರೆ ಇದೇ ಮುಖ್ಯ.

ಟೆಕ್ಸಾಸಿನಲ್ಲಿ ಕಪ್ಪು ಜನರ ಓಟಿಗೆ ಒಂದರ ಹಿಂದೆ ಒಂದು ಬೀಗ ಬಿದ್ದಿತ್ತು. ಮೊದಲನೆಯದು ಓಟಿನ ತೆರಿಗೆ. 1902ರಿಂದ ಓಟು ಹಾಕಬೇಕಾದರೆ ದುಡ್ಡು ಕಟ್ಟಬೇಕಿತ್ತು, ಒಂದೂವರೆ ಒಂದೂಮುಕ್ಕಾಲು ಡಾಲರು, ಅದೂ ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆ. ಬಡವ ಬಿಳಿಯನಿಗೂ ಇದು ಭಾರವೇ. ಎರಡನೆಯದು ಬಿಳಿಯರ ಒಳಚುನಾವಣೆ. ಅಲ್ಲಿ ಡೆಮೊಕ್ರಾಟ್ ಪಕ್ಷದ ಅಭ್ಯರ್ಥಿ ಆದವನೇ ಗೆಲ್ಲುವವನು. ಆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಕಪ್ಪು ಜನ ಓಟು ಹಾಕಕೂಡದು ಎಂದು 1923ರಲ್ಲಿ ಕಾನೂನನ್ನೇ ಮಾಡಿದರು. ಅಡುಗೆ ಒಳಗೆ ಮಾಡಿ ಮುಗಿಸಿ, ಆಮೇಲೆ ಎಂಜಲೆಲೆಗೆ ಕರೆದ ಹಾಗೆ. ಆ ಕಾನೂನು ಕೋರ್ಟಿನಲ್ಲಿ ಬಿದ್ದಾಗ ಪಕ್ಷದ ನಿಯಮ ಎಂದು ಹೆಸರು ಬದಲಿಸಿ ಅದನ್ನೇ ನಡೆಸಿದರು. ಲಾನಿ ಸ್ಮಿತ್ ಎಂಬ ಹ್ಯೂಸ್ಟನ್ನಿನ ಕಪ್ಪು ದಂತವೈದ್ಯ ಕೋರ್ಟಿಗೆ ಹೋದ. ಥರ್ಗುಡ್ ಮಾರ್ಷಲ್ ಆತನ ಪರವಾಗಿ ವಾದಿಸಿದ. 1944ರಲ್ಲಿ ಸುಪ್ರೀಂ ಕೋರ್ಟು ಆ ಬೀಗವನ್ನು ಒಡೆಯಿತು.

ಮೂರನೆಯ ಬೀಗ ಕಣ್ಣಿಗೇ ಕಾಣದ್ದು. ಅದು ಗೆರೆ. ಹ್ಯೂಸ್ಟನ್ ಇರುವುದು ಹ್ಯಾರಿಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅನ್ನಿ. ಆ ಕೌಂಟಿಯಿಂದ ಕೆಳಮನೆಗೆ ಹಲವು ಸ್ಥಾನಗಳಿದ್ದವು, ಆದರೆ ಒಂದೊಂದು ಸ್ಥಾನಕ್ಕೆ ಒಂದೊಂದು ಪ್ರದೇಶ ಅಂತ ಇರಲಿಲ್ಲ. ಪ್ರತಿ ಸ್ಥಾನಕ್ಕೂ ಇಡೀ ಕೌಂಟಿಯ ಮತದಾರರೆಲ್ಲ ಓಟು ಹಾಕಬೇಕು. ಲೆಕ್ಕ ಮಾಡಿ ನೋಡಿ. ನೂರು ಮನೆಯ ಊರು, ಇಪ್ಪತ್ತು ಮನೆ ಕೇರಿಯವರದು, ಎಂಬತ್ತು ಮನೆ ಊರೊಳಗಿನವರದು, ಐದು ಸ್ಥಾನ. ಊರನ್ನು ಐದು ಪಾಲು ಮಾಡಿ, ಕೇರಿಯ ಇಪ್ಪತ್ತು ಮನೆಯನ್ನೇ ಒಂದು ಪಾಲು ಮಾಡಿದರೆ ಕೇರಿಗೆ ಒಂದು ಸ್ಥಾನ ಬರುತ್ತದೆ. ಪಾಲು ಮಾಡದೆ ಐದೂ ಸ್ಥಾನಕ್ಕೆ ನೂರು ಮನೆಯೂ ಓಟು ಹಾಕಲಿ ಎಂದರೆ? ಎಂಬತ್ತು ಮನೆಯವರು ಹೇಳಿದವರೇ ಐದಕ್ಕೆ ಐದೂ. ಕೇರಿಯವರು ಓಟು ಹಾಕಿದ್ದಾರೆ, ಯಾರೂ ತಡೆದಿಲ್ಲ, ಪೆಟ್ಟಿಗೆ ತುಂಬಿದೆ, ಕೈಗೆ ಬಂದದ್ದು ಸೊನ್ನೆ. ಹ್ಯಾರಿಸ್ ಕೌಂಟಿಯಲ್ಲಿ ಕಪ್ಪು ಜನ ಸುಮಾರು ಐದರಲ್ಲಿ ಒಂದು ಪಾಲಿದ್ದರು.

ಮೇಲ್ಮನೆಯದು ಇನ್ನೂ ಘೋರ. ಯಾವ ಕೌಂಟಿಗೂ ಒಬ್ಬನಿಗಿಂತ ಹೆಚ್ಚು ಸೆನೆಟರ್ ಇರಕೂಡದು ಎಂದು ಟೆಕ್ಸಾಸ್ ರಾಜ್ಯದ ಸಂವಿಧಾನದಲ್ಲೇ ಬರೆದಿತ್ತು. 1960ರ ಜನಗಣತಿಯಲ್ಲಿ ಹ್ಯಾರಿಸ್ ಕೌಂಟಿಯ ಜನ 12 ಲಕ್ಷಕ್ಕೂ ಹೆಚ್ಚು. ಅಷ್ಟು ಜನಕ್ಕೆ ಒಬ್ಬನೇ ಸೆನೆಟರ್! ದನ ಮೇಯುವ ಬಯಲಿಗೂ ಒಬ್ಬ, ಕಾರ್ಖಾನೆ ಕೂಲಿಗಳು ಕಿಕ್ಕಿರಿದ ಪಟ್ಟಣಕ್ಕೂ ಒಬ್ಬ.

ಈ ಗೆರೆಗೆ ಬಾರ್ಬರಾ ಎರಡು ಸಲ ಡಿಕ್ಕಿ ಹೊಡೆದಳು. 1962ರಲ್ಲಿ 46 ಸಾವಿರ ಜನ ಆಕೆಗೆ ಓಟು ಹಾಕಿದರು, ಸಾಲಲಿಲ್ಲ. ಸಭೆಗಳಲ್ಲಿ ಚಪ್ಪಾಳೆ ತಟ್ಟಿದ ಬಿಳಿಯರ ಓಟು ಬೇಕಾದಷ್ಟು ಬೀಳಲಿಲ್ಲ. ಆ ದಿನಗಳಲ್ಲಿ ಒಬ್ಬ ಬಿಳಿಯ ಪ್ರೊಫೆಸರು ಆಕೆಗೆ ಬುದ್ಧಿ ಹೇಳಿದನಂತೆ: ನೀನು ಕಪ್ಪು, ನೀನು ಹೆಂಗಸು, ಮೇಲಾಗಿ ನಿನ್ನ ಮೈಕಟ್ಟು ದೊಡ್ಡದು, ಗೆಲ್ಲುವುದು ಕಷ್ಟ. ನೋಡಿದಿರಾ, ಯೋಗ್ಯತೆಯ ಮಾತಾಡುವವರು ಕೊನೆಗೆ ಬಂದು ನಿಲ್ಲುವುದು ಚರ್ಮ, ಮೈ, ಹೆಣ್ಣುತನದ ಹತ್ತಿರ. ಭೂಪಟದ ಗೆರೆ ಆ ಪ್ರೊಫೆಸರಿನ ಕಣ್ಣಿಗೆ ಬೀಳಲೇ ಇಲ್ಲ.

ಆ ಗೆರೆ ಅಳಿಸಿದ್ದು ಹೇಗೆ? ಓಟಿಗೆ ಓಟು ಸಮ ಇರಬೇಕು ಎಂದು ಬೇರೆ ಬೇರೆ ರಾಜ್ಯಗಳ ಜನ ಕೋರ್ಟಿಗೆ ಹೋಗಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಇಂಥ ದೂರನ್ನು ಕೋರ್ಟುಗಳು ಕೇಳಬಹುದು ಎಂದಿತು. 1964ರ ಜೂನ್‌ನಲ್ಲಿ, ಅಲಬಾಮಾ ರಾಜ್ಯದ ಮೊಕದ್ದಮೆಯಲ್ಲಿ, ರಾಜ್ಯ ಶಾಸನಸಭೆಯ ಎರಡೂ ಮನೆಗಳಿಗೆ ಜನಸಂಖ್ಯೆಯ ಲೆಕ್ಕದಲ್ಲೇ ಕ್ಷೇತ್ರ ಮಾಡಬೇಕು ಎಂದು ತೀರ್ಪಿತ್ತಿತು. ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂಬರ್ಥದ ಮಾತನ್ನು ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ ಬರೆದ. 1965ರಲ್ಲಿ ಟೆಕ್ಸಾಸಿನ ಗೆರೆಗಳೂ ಕೋರ್ಟಿನಲ್ಲಿ ಬಿದ್ದವು. ಕೌಂಟಿಗೊಬ್ಬನೇ ಸೆನೆಟರ್ ಎಂಬ ನಿಯಮ ಹೋಯಿತು. ಹ್ಯಾರಿಸ್ ಕೌಂಟಿಯಲ್ಲಿ ಹೊಸ ಸೆನೆಟ್ ಕ್ಷೇತ್ರಗಳಾದವು. ಅದರಲ್ಲೊಂದು 11ನೇ ಕ್ಷೇತ್ರ: ಫಿಫ್ತ್ ವಾರ್ಡಿನ ಕಪ್ಪು ಜನ, ಮೆಕ್ಸಿಕನ್ ಮೂಲದವರು, ಕಾರ್ಮಿಕ ಸಂಘದ ಬಿಳಿಯರು ಒಟ್ಟಿಗೆ ಸೇರಿದ್ದು. ಓಟಿನ ತೆರಿಗೆಯೂ 1966ರಲ್ಲಿ ಕೋರ್ಟಿನಲ್ಲೇ ಸತ್ತಿತು.

1966ರ ಒಳಚುನಾವಣೆಯಲ್ಲಿ ಬಾರ್ಬರಾ ಎದುರು ನಿಂತವನು ವಿಟ್‌ಫೀಲ್ಡ್ ಎಂಬ ಬಿಳಿಯ ಶಾಸಕ. ಕಪ್ಪು ಜನರು ಬಣ್ಣ ನೋಡಿ ಓಟು ಹಾಕಬಾರದು ಎಂದು ಆತ ಉಪದೇಶ ಮಾಡಿದ. ಎಂಬತ್ತು ವರ್ಷ ಬಣ್ಣ ನೋಡಿಯೇ ಬಾಗಿಲು ಹಾಕಿದವರ ಮನೆಯಿಂದ ಬಂದ ಉಪದೇಶ! ಬಾರ್ಬರಾ ಆತನ ಹತ್ತಿರ ಹತ್ತಿರ ಎರಡರಷ್ಟು ಓಟು ತಗೊಂಡು ಗೆದ್ದಳು.

ಇಲ್ಲಿ ಒಂದು ಮಾತು. ಕೋರ್ಟು ಗೆರೆ ಅಳಿಸಿತು, ಅಷ್ಟರಿಂದಲೇ ಎಲ್ಲ ಆಯಿತು ಎಂದು ನಾವು ಹೇಳುತ್ತಿಲ್ಲ. 1960ರಿಂದ ಬೀದಿ ಬೀದಿ ಸುತ್ತಿದ ಕಾಲುಗಳಿರದಿದ್ದರೆ ಹೊಸ ಕ್ಷೇತ್ರವೂ ಮತ್ತೊಬ್ಬ ವಿಟ್‌ಫೀಲ್ಡನ ಪಾಲಾಗುತ್ತಿತ್ತು. ಗೆರೆ ಬದಲಾದ ದಿನ ಬಾಗಿಲ ಬಳಿ ನಿಂತಿರುವವರು ಬೇಕು. ಎರಡು ಸೋಲಿನ ನಂತರವೂ ಆಕೆ ನಿಂತಿದ್ದಳು.

ಮೇಲ್ಮನೆಯಲ್ಲಿ ಸದಸ್ಯರು 31. ಮೂವತ್ತು ಜನ ಗಂಡಸರು, ಒಬ್ಬಳು ಬಾರ್ಬರಾ. 1883ರ ನಂತರ ಆ ಮನೆಗೆ ಬಂದ ಮೊದಲ ಕಪ್ಪು ಮುಖ. ಅಲ್ಲಿ ಕಾಲಿಟ್ಟ ಮೊದಲ ಕಪ್ಪು ಹೆಂಗಸು. ಒಂದು ಓಟಿನಿಂದ ಯಾವ ಕಾನೂನೂ ಆಗುವುದಿಲ್ಲ. ಆಕೆ ಮನೆಯ ನಿಯಮಗಳನ್ನು ಅರೆದು ಕುಡಿದಳು, ಕೂಗಾಡುವ ಬದಲು ಓಟು ಎಣಿಸಿದಳು. ತನ್ನನ್ನು ಹಿಂದಿನಿಂದ ಹೀಯಾಳಿಸುವವರ ಜೊತೆಗೇ ಕೂತು ಮಾತಾಡಿ ಓಟು ತಂದಳು. ಕೇಂದ್ರದ ಕೂಲಿ ಕಾನೂನಿನಿಂದ ಹೊರಗೆ ಬಿದ್ದಿದ್ದ ಹೊಲದ ಕೂಲಿಗಳು, ಮನೆಗೆಲಸದವರು, ಬಟ್ಟೆ ಒಗೆಯುವವರು, ಇವರಿಗಾಗಿ ಟೆಕ್ಸಾಸಿನ ಮೊಟ್ಟಮೊದಲ ಕನಿಷ್ಠ ಕೂಲಿ ಕಾನೂನನ್ನು ಮುಂದೆ ನಿಂತು ಮಾಡಿಸಿದಳು. ಗುಜರಿ ಗಾಡಿಯ ಮೇಲೆ ಕೂತು ಬೆಳೆದವಳಿಗೆ ಮೊದಲು ನೆನಪಾದವರು ಯಾರು ನೋಡಿ.

1972ರ ಮಾರ್ಚಿನಲ್ಲಿ ಆ ಮೂವತ್ತು ಗಂಡಸರೇ ಆಕೆಯನ್ನು ಮೇಲ್ಮನೆಯ ಹಂಗಾಮಿ ಅಧ್ಯಕ್ಷೆಯಾಗಿ ಒಕ್ಕೊರಲಿನಿಂದ ಆರಿಸಿದರು. ಜೂನ್ 10ರಂದು ಆಕೆ ಟೆಕ್ಸಾಸಿನ ಒಂದು ದಿನದ ಗವರ್ನರ್ ಆದಳು. ಅಮೆರಿಕದಲ್ಲಿ ಗವರ್ನರ್ ಅಂದರೆ ರಾಜ್ಯ ಆಳುವವನು, ನಮ್ಮ ಮುಖ್ಯಮಂತ್ರಿಯ ಹಾಗೆ. ಫಿಫ್ತ್ ವಾರ್ಡಿನ ಜನ ರಾಜಧಾನಿ ಆಸ್ಟಿನ್‌ಗೆ ಬಸ್ಸು ಹತ್ತಿ ಬಂದರು. ಗೋದಾಮಿನಲ್ಲಿ ದುಡಿದ ಅಪ್ಪ ಕೂತು ನೋಡಿದ. ಅಂದೇ ಕಾಯಿಲೆ ಬಡಿದು ಆಸ್ಪತ್ರೆ ಸೇರಿ, ಮರುದಿನ ತೀರಿಕೊಂಡ. ಈ ಸಂಗತಿ ಓದಿದಾಗ ನಮಗೆ ಗಂಟಲು ಕಟ್ಟುತ್ತದೆ. ಆದರೂ ಹೇಳುತ್ತೇವೆ, ಒಂದು ದಿನದ ಪಟ್ಟ ಅಲಂಕಾರ. ಕನಿಷ್ಠ ಕೂಲಿ ಅಧಿಕಾರ. ಫೋಟೋ ಬರುವುದು ಅಲಂಕಾರದ್ದು, ಹೊಟ್ಟೆ ತುಂಬುವುದು ಅಧಿಕಾರದಿಂದ. ಎರಡನ್ನೂ ಕಲಸಿಕೊಳ್ಳಬೇಡಿ.

ಇನ್ನು ಹೊಗಳುವವರು ಬಿಟ್ಟುಬಿಡುವ ಭಾಗ. ನಾವು ಬಿಡುವುದಿಲ್ಲ.

1970ರ ಜನಗಣತಿ ಆದ ಮೇಲೆ ಗೆರೆಗಳನ್ನು ಮತ್ತೆ ಎಳೆದರು. ದೆಹಲಿಯ ಲೋಕಸಭೆಯಂಥ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆಗೆ ಹ್ಯೂಸ್ಟನ್ನಿನಲ್ಲಿ 18ನೇ ಕ್ಷೇತ್ರ ಎಂಬ ಹೊಸ ಕ್ಷೇತ್ರ ಬಂತು, ಬಾರ್ಬರಾ ಗೆಲ್ಲಬಹುದಾದದ್ದು. ಅದೇ ಹೊತ್ತಿಗೆ ರಾಜ್ಯದ ಮೇಲ್ಮನೆಯಲ್ಲಿ ಆಕೆ ಪ್ರತಿನಿಧಿಸುತ್ತಿದ್ದ ಕ್ಷೇತ್ರದ ಗೆರೆ ಹೀಗೆ ತಿರುಗಿತೆಂದರೆ ಕಪ್ಪು ಜನರ ಓಟು ಚೂರುಚೂರಾಗಿ ಚೆದುರಿತು. ಕರ್ಟಿಸ್ ಗ್ರೇವ್ಸ್ ಎಂಬ ಕಪ್ಪು ಶಾಸಕ, 1966ರಲ್ಲಿ ಆಕೆಯ ಜೊತೆಗೇ ಕೆಳಮನೆಗೆ ಗೆದ್ದವನು, ಸಿಡಿದೆದ್ದ. ತನಗೊಂದು ಸೀಟು ಸಿಗುವುದಕ್ಕಾಗಿ ಜನರ ಸೀಟನ್ನು ಮಾರಿದಳು ಎಂದು ಊರೆಲ್ಲ ಕೂಗಿದ, ಆಕೆಯ ಎದುರೇ ನಿಂತ. 1972ರ ಒಳಚುನಾವಣೆಯಲ್ಲಿ ಜನ ಆತನನ್ನು ಒಪ್ಪಲಿಲ್ಲ, ಐದರಲ್ಲಿ ಸುಮಾರು ನಾಲ್ಕು ಪಾಲು ಓಟು ಬಾರ್ಬರಾಗೆ ಬಿತ್ತು. ಆಕೆ ವಾಷಿಂಗ್ಟನ್ನಿಗೆ ಹೋದಳು, ದಕ್ಷಿಣದ ರಾಜ್ಯಗಳಿಂದ ಅಲ್ಲಿಗೆ ಹೋದ ಮೊದಲ ಕಪ್ಪು ಹೆಂಗಸಾಗಿ.

ಆರೋಪದ ಮಾತು ಬಿಡಿ, ಫಲ ನೋಡಿ. ಬಾರ್ಬರಾ ಎದ್ದು ಹೋದ ಮೇಲೆ ಟೆಕ್ಸಾಸ್ ಮೇಲ್ಮನೆಯಲ್ಲಿ ಒಬ್ಬನೇ ಒಬ್ಬ ಕಪ್ಪು ಸದಸ್ಯ ಇರಲಿಲ್ಲ, ಹತ್ತು ವರ್ಷ. 1983ರಲ್ಲಿ ಕ್ರೇಗ್ ವಾಷಿಂಗ್ಟನ್ ಬರುವ ತನಕ ಆ ಮನೆ ಮತ್ತೆ ಹಳೇ ಮನೆಯೇ. ಅಲ್ಲಿಗೆ ಎರಡನೆಯ ಕಪ್ಪು ಹೆಂಗಸು, ಡಲ್ಲಾಸಿನ ನರ್ಸ್ ಆಗಿದ್ದ ಎಡ್ಡಿ ಬರ್ನಿಸ್ ಜಾನ್ಸನ್, ಗೆದ್ದದ್ದು 1986ರಲ್ಲಿ. ಮೊದಲನೆಯವಳು ಗೆದ್ದು ಇಪ್ಪತ್ತು ವರ್ಷ ಆದ ಮೇಲೆ. ಒಂದು ಹಸುಗೂಸು ಬೆಳೆದು ಕಾಲೇಜು ಸೇರುವಷ್ಟು ಕಾಲ.

ಇದಕ್ಕೆ ಬಾರ್ಬರಾಳನ್ನು ಬೈಯಬೇಕೆ? ಗೆರೆ ಎಳೆಯುವ ಕೈಗಳು ಬಿಳಿಯರವೇ ಆಗಿದ್ದವು. ದೊಡ್ಡ ಸಭೆಗೆ ಹೋಗುವ ಅವಕಾಶವನ್ನು ಯಾರೂ ಬಿಡುತ್ತಿರಲಿಲ್ಲ, ಆಕೆ ಬಿಡಬೇಕಿತ್ತು ಎನ್ನುವುದು ದುಡ್ಡಿದ್ದವರು ಬಡವರಿಗೆ ಹೇಳುವ ತ್ಯಾಗದ ಪಾಠ. ಜೊತೆಗೆ ಆ 18ನೇ ಕ್ಷೇತ್ರ ಆಕೆಯ ನಂತರ ಮಿಕಿ ಲೆಲಂಡ್ ಎಂಬ ಕಪ್ಪು ನಾಯಕನ ಕೈಗೆ ಹೋಯಿತು, ವ್ಯರ್ಥವಾಗಲಿಲ್ಲ. ಆದರೆ ಪ್ರಶ್ನೆಯನ್ನು ನಾವು ನುಂಗಿಕೊಳ್ಳಬಾರದು. ನಮ್ಮಲ್ಲೊಬ್ಬರು ಒಳಗೆ ಹೋದರು ಎಂದು ತಮಟೆ ಬಡಿಯುವಾಗ, ಅವರ ಹಿಂದೆ ಬಾಗಿಲು ತೆರೆದಿದೆಯೋ ಹಾಕಿಕೊಂಡಿತೋ ಎಂದು ತಿರುಗಿ ನೋಡುವವರು ಬೇಕು. ಒಬ್ಬರಿಗೆ ಏಣಿ ಕೊಟ್ಟು ಕೇರಿಯ ದಾರಿ ಮುಚ್ಚುವುದು ಆಳುವವರಿಗೆ ಹಳೇ ವಿದ್ಯೆ.

ಬಾರ್ಬರಾಗೂ ಇದು ಗೊತ್ತಿತ್ತು ಎಂದು ನಮಗೆ ಅನ್ನಿಸುತ್ತದೆ. ಯಾಕೆ ಹೇಳುತ್ತೇವೆ ಕೇಳಿ. ಜನ ಆಕೆಯನ್ನು ನೆನೆಯುವುದು 1974ರ ಜುಲೈ 25ರ ಭಾಷಣಕ್ಕೆ. ಅಧ್ಯಕ್ಷ ನಿಕ್ಸನ್ ಮೇಲೆ ದೋಷಾರೋಪ ಹೊರಿಸುವ ವಿಚಾರಣೆಯಲ್ಲಿ, ದೇಶವೆಲ್ಲ ಟಿವಿ ಮುಂದೆ ಕೂತಿದ್ದಾಗ, ಸಂವಿಧಾನದ ಮೊದಲ ಮಾತಾದ 'ನಾವು' ಎಂಬುದನ್ನೇ ಹಿಡಿದು ಆಕೆ ಮಾತು ಶುರು ಮಾಡಿದಳು. 1787ರಲ್ಲಿ ಅದನ್ನು ಬರೆದು ಮುಗಿಸಿದಾಗ ಆ ನಾವಿನೊಳಗೆ ತಾನಿರಲಿಲ್ಲ, ತಿದ್ದುಪಡಿಗಳಿಂದ, ಕೋರ್ಟಿನ ತೀರ್ಪುಗಳಿಂದ ತಡವಾಗಿ ಒಳಗೆ ಬಂದೆ ಎಂಬರ್ಥದಲ್ಲಿ ಹೇಳಿದಳು. ದೊಡ್ಡ ಭಾಷಣ, ನಿಜ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮರುವರ್ಷದ ಕೆಲಸ. ದಕ್ಷಿಣದ ಕೆಲವು ರಾಜ್ಯಗಳು ಚುನಾವಣೆಯ ನಿಯಮವನ್ನೋ ಗೆರೆಯನ್ನೋ ಬದಲಿಸುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಎಂದು 1965ರ ಮತಹಕ್ಕು ಕಾನೂನು ಹೇಳುತ್ತಿತ್ತು. ಟೆಕ್ಸಾಸ್ ಆ ಪಟ್ಟಿಯಲ್ಲಿರಲಿಲ್ಲ. 1975ರಲ್ಲಿ ಟೆಕ್ಸಾಸನ್ನೂ ಅದರೊಳಗೆ ಎಳೆದುತರಲು, ಸ್ಪ್ಯಾನಿಷ್ ಮಾತಾಡುವವರಂಥ ಭಾಷಾ ಅಲ್ಪಸಂಖ್ಯಾತರಿಗೂ ಆ ಕಾನೂನಿನ ರಕ್ಷಣೆ ಸಿಗುವಂತೆ ಮಾಡಲು ಹೋರಾಡಿದವರಲ್ಲಿ ಬಾರ್ಬರಾ ಮುಂದಿದ್ದಳು. ತನ್ನದೇ ರಾಜ್ಯದ ಗವರ್ನರ್ ವಿರೋಧಿಸಿದ. ಕಾನೂನು ಆಯಿತು. ಒಂದು ಕಾಲಕ್ಕೆ ಗೆರೆಗೆ ಡಿಕ್ಕಿ ಹೊಡೆದು ಬಿದ್ದವಳು ಗೆರೆ ಎಳೆಯುವ ಕೈಯನ್ನೇ ಹಿಡಿದುಕೊಂಡಳು.

1979ರಲ್ಲಿ ಆಕೆ ರಾಜಕೀಯ ಬಿಟ್ಟಳು. ನರಗಳ ಕಾಯಿಲೆ ಮೈಯನ್ನು ಹಿಡಿದು ಕೊನೆಗೆ ಗಾಲಿಕುರ್ಚಿಗೆ ಕೂರಿಸಿತು. ಒಂದು ಕಾಲಕ್ಕೆ ತನ್ನಂಥವರಿಗೆ ಸೀಟಿಲ್ಲ ಎಂದಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಿದಳು. 1996ರ ಜನವರಿ 17ರಂದು ತೀರಿಕೊಂಡಾಗ ಟೆಕ್ಸಾಸಿನ ಸರ್ಕಾರಿ ಸ್ಮಶಾನದಲ್ಲಿ ಹೂಳಿದರು. ಅಲ್ಲಿ ಮಣ್ಣಾದ ಮೊದಲ ಕಪ್ಪು ಮನುಷ್ಯಳು ಆಕೆಯೇ. ಸ್ಮಶಾನದಲ್ಲೂ ಗೆರೆ ಇತ್ತು ಗೆಳೆಯರೇ.

ಆಕೆ ಕಟ್ಟಿದ್ದೂ ಪೂರ್ತಿ ಉಳಿದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು, ಯಾವ ಯಾವ ರಾಜ್ಯಗಳು ಮುಂಚಿತ ಒಪ್ಪಿಗೆ ಪಡೆಯಬೇಕು ಎಂದು ಹೇಳುವ ಭಾಗವನ್ನು ಆ ಕಾನೂನಿನಿಂದ ಹೊಡೆದುಹಾಕಿತು. ಹಿಡಿದ ಕೈ ಬಿಟ್ಟಿತು. 2025ರ ಆಗಸ್ಟಿನಲ್ಲಿ ಟೆಕ್ಸಾಸ್ ಶಾಸನಸಭೆ, ಮುಂದಿನ ಜನಗಣತಿಗೂ ಕಾಯದೆ, ವಾಷಿಂಗ್ಟನ್ನಿನ ಸಭೆಗೆ ಕಳಿಸುವ ಕ್ಷೇತ್ರಗಳ ಗೆರೆಯನ್ನು ಮತ್ತೆ ಎಳೆಯಿತು, ಹ್ಯೂಸ್ಟನ್ನಿನ ಕ್ಷೇತ್ರಗಳನ್ನೂ ಸೇರಿಸಿ. ವಿರೋಧ ಪಕ್ಷದ ಶಾಸಕರು ಕೋರಂ ಮುರಿಯಲು ರಾಜ್ಯ ಬಿಟ್ಟು ಹೋಗಿ ತಡೆದು ನೋಡಿದರು, ಆಗಲಿಲ್ಲ. ಗೆರೆ ಯಾವತ್ತೂ ಒಣಗುವುದಿಲ್ಲ, ಮಸಿ ಹಸಿಯಾಗಿಯೇ ಇರುತ್ತದೆ.

ಆದ್ದರಿಂದ, ಬಾರ್ಬರಾಳ ಪಟ ಗೋಡೆಗೆ ಹಾಕಿ ಊದುಬತ್ತಿ ಹಚ್ಚಿ ಎಂದು ನಾವು ಹೇಳುವುದಿಲ್ಲ. ಆಕೆಯ ಎರಡು ಸೋಲುಗಳನ್ನು ಓದಿ ಎನ್ನುತ್ತೇವೆ. ಸೋತವಳಲ್ಲಿ ಇಲ್ಲದ್ದು ಗೆದ್ದವಳಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ ಭೂಪಟ ಬಿಚ್ಚಿ ತೋರಿಸಿ. ಕ್ಷೇತ್ರ, ಜನಗಣತಿ, ಸಮಿತಿ, ಇವೆಲ್ಲ ಒಣ ವಿಷಯ ಎಂದು ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮಾರಿಬಿಡಬೇಡಿ. ಕವಿತೆ ಓದುವಷ್ಟೇ ಆಸೆಯಿಂದ ಗೆಜೆಟ್ಟನ್ನೂ ಓದಿ. ನಮ್ಮ ಸಿಟ್ಟಿಗೆ ಲೆಕ್ಕವೂ ಬೇಕು.

ಇನ್ನು ಮುಂದೆ ಯಾವ ವೇದಿಕೆಯಲ್ಲಾಗಲಿ, ಇಂಥ ಜಾಗಕ್ಕೆ ಬಂದ ಮೊದಲ ಹೆಂಗಸು, ಮೊದಲ ಕಪ್ಪು ಮುಖ ಎಂದು ಯಾರಾದರೂ ಹಾರ ಹಾಕಿದರೆ ಚಪ್ಪಾಳೆ ತಟ್ಟಿ, ಧಾರಾಳವಾಗಿ ತಟ್ಟಿ. ಆಮೇಲೆ ಕೈಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿ:

ಎರಡನೆಯವಳು ಯಾವಾಗ ಬಂದಳು?